ಇರೋದು, ಬರೋದು ಮತ್ತು ನಮ್ಮಕ್ಕ

ನಮ್ಮಕ್ಕನಿಗೆ ನಾನು ಒಂದು ಮಾತು ಹೇಳಬೇಕಿತ್ತು. ಎದುರಿಗೆ ಕೂರಿಸಿಕೊಂಡು, "ಅಕ್ಕ, ಇನ್ನು ನೀನು ಫ್ಯಾಕ್ಟರಿಗೆ ಬರೋದು ಬೇಡ, ನಿನ್ನ ಜಾಗಕ್ಕೆ ಬೇರೆಯವರು ಬರ್ತಿದ್ದಾರೆ" ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಕೈಲಿ ಆಗಲಿಲ್ಲ. ಅದರ ಬದಲು ಅವಳಿಗೆ ಸನ್ಮಾನ ಮಾಡಿದೆ.

ನಮ್ಮ ಕಡೆ ಇದು ಹೊಸದಲ್ಲ. ಯಾರಿಗಾದರೂ "ಸಾಕು, ಹೊರಡಿ" ಎನ್ನಲು ಬಾಯಿ ಬಾರದಿದ್ದರೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೊ ತೆಗೆಸುತ್ತಾರೆ. ಬುದ್ಧಿವಂತರಾದರೆ ಬುಟ್ಟಿ ಕೈಗೆ ಬಂದಾಗಲೇ ವಿಷಯ ತಿಳಿದುಕೊಳ್ಳುತ್ತಾರೆ. ನಮ್ಮ ವಂಶದಲ್ಲಿ ನಮ್ಮಕ್ಕನಷ್ಟು ಬುದ್ಧಿವಂತರು ಯಾರೂ ಇಲ್ಲ. ಆದರೂ ಅವಳಿಗೆ ತಿಳಿಯಲಿಲ್ಲ. ತಪ್ಪು ಅವಳದಲ್ಲ, ನಾನು ಸನ್ಮಾನಕ್ಕೆ ಆರಿಸಿಕೊಂಡ ದಿನದ್ದು. ಅದನ್ನು ಮುಂದೆ ಹೇಳುತ್ತೇನೆ.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ, "ನನ್ನ ಹೆಸರು ಬಳಸ್ಕೊಂಡ್ಯಲ್ಲ, ಬಾಡಿಗೆ ಎಲ್ಲಿ?" ಎಂದು ಕೇಳುವವಳು ಅವಳು. ಅವಳ ಪ್ರಕಾರ ಬಳಸುವ ಎಲ್ಲದಕ್ಕೂ ಬಾಡಿಗೆ ಇದೆ, ನಮ್ಮದೇ ವಸ್ತುವಾದರೂ ಸರಿ. ನಮ್ಮ ಫ್ಯಾಕ್ಟರಿಯ ಶೆಡ್ಡಿಗೆ ನಾನು ಬಾಡಿಗೆ ಕಟ್ಟುವುದಿಲ್ಲವೆಂದು ಹೆಮ್ಮೆಯಿಂದ ಹೇಳಿದಾಗ ಅವಳು ಕೇಳಿದ್ದು ಇಷ್ಟೇ: "ಬೇರೆಯವರಿಗೆ ಕೊಟ್ಟಿದ್ರೆ ಬಾಡಿಗೆ ಬರ್ತಿತ್ತೋ ಇಲ್ವೋ? ಅದನ್ನ ಬಿಟ್ಟು ನೀನು ಇಲ್ಲಿ ಹಿಟ್ಟು ಬೀಸ್ತಿದ್ದೀಯ. ಹಂಗಾದ್ರೆ ಅದೂ ಹಿಟ್ಟಿನ ಖರ್ಚೇ ಕಣಮ್ಮಿ." ಆ ದಿನದಿಂದ ನಮ್ಮ ಸ್ವಂತ ಶೆಡ್ಡಿನಲ್ಲಿ ಕೂತರೂ ನನಗೆ ಬಾಡಿಗೆ ಮನೆಯಲ್ಲಿ ಕೂತ ಹಾಗೆ ಮುಜುಗರ.

ನಾನು ಏಳನೇ ಕ್ಲಾಸಿಗೆ ಬಿಟ್ಟೆ. ಅವಳು ಬಿಡಲೇ ಇಲ್ಲ. ಯಳಂದೂರು ದಾಟಿ ಮೈಸೂರಿಗೆ ಹೋದಳು, ಇಂಜಿನಿಯರಿಂಗ್ ಓದಿದಳು, ಅಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾ ಉಳಿದಳು. ಅವಳು ಹೇಳುತ್ತಿದ್ದ ಪಾಠದ ಹೆಸರು ಇಂಜಿನಿಯರಿಂಗ್ ಎಕನಾಮಿಕ್ಸ್. ಒಮ್ಮೆ ಹಬ್ಬಕ್ಕೆ ಬಂದಾಗ ಕೇಳಿದೆ.

"ಅದೇನಕ್ಕ ಅದು? ಇಂಜಿನಿಯರಿಂಗಾ, ಎಕನಾಮಿಕ್ಸಾ?"

"ಯಂತ್ರ ಓಡ್ತದಾ ಅಂತ ನೋಡೋನು ಇಂಜಿನಿಯರು. ಓಡ್ಸಿದ್ರೆ ಏನಾದ್ರೂ ಉಳೀತದಾ ಅಂತ ಕೇಳೋಳು ನಾನು."

"ಅಂಗಾದ್ರೆ ನಮ್ಮವ್ವನೂ ಅದ್ನೇ ಓದಿರ್ಬೇಕು. ಬೆಳಗಾಯ್ತಂದ್ರೆ ಅಪ್ಪನ್ನ ಅದ್ನೇ ಕೇಳೋಳು."

"ಅವ್ವಂಗೆ ಡಿಗ್ರಿ ಕೊಡ್ಲಿಲ್ಲ, ಅಷ್ಟೇ," ಎಂದಳು ಅಕ್ಕ.

ಕಾಲೇಜು ಬಿಟ್ಟರೂ ಕಾಲೇಜು ಅವಳನ್ನು ಬಿಡಲಿಲ್ಲ. ಒಂದು ಮಾತು ಮುಗಿದ ಕೂಡಲೇ ಎರಡು ಕೈಯ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ಸೀಮೆಸುಣ್ಣದ ಪುಡಿ ಉದುರಿಸುವಂತೆ ಕೊಡವುತ್ತಿದ್ದಳು. ಕೈಯಲ್ಲಿ ಸೀಮೆಸುಣ್ಣ ಇರುತ್ತಿರಲಿಲ್ಲ. ಕೊಡವಿದಳೆಂದರೆ ಆ ವಿಷಯ ಮುಗಿಯಿತು, ಇನ್ನು ದೇವರು ಬಂದು ಕೇಳಿದರೂ ತೆರೆಯುವುದಿಲ್ಲ. ಮದುವೆಯ ವಿಷಯವನ್ನು ಅವಳು ಹೀಗೆಯೇ ಕೊಡವಿದಳು. ನೋಡಲು ಬಂದವನೊಬ್ಬನಿಗೆ "ನಿಮ್ಮನ್ನ ಇಟ್ಕೊಳ್ಳೋ ಖರ್ಚು ವರ್ಷಕ್ಕೆ ಎಷ್ಟಾಗ್ತದೆ?" ಎಂದು ಕೇಳಿದಳೆಂದು ಊರಲ್ಲಿ ಸುದ್ದಿ. ಅವಳು ಇಲ್ಲ ಎನ್ನಲೂ ಇಲ್ಲ.

ನೆಂಟರ ಮನೆಗೆ ಅವಳನ್ನು ಕರೆದುಕೊಂಡು ಹೋಗುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಧನಗೆರೆಯಲ್ಲಿ ಒಂದು ಮದುವೆ. ಎಲ್ಲರೂ ಹೆಣ್ಣಿನ ಸೀರೆ ನೋಡುತ್ತಿದ್ದರೆ ಇವಳು ಹಿಂದೆ ಹೋಗಿ ಅಡುಗೆಯವನ ಕೊಪ್ಪರಿಗೆ ನೋಡುತ್ತಾ ನಿಂತಿದ್ದಳು.

"ಇದು ವರ್ಷದಲ್ಲಿ ಎಷ್ಟು ದಿನ ಒಲೆ ಮೇಲಿರ್ತದಪ್ಪ?"

"ಮದ್ವೆ ಇದ್ದ ದಿನ ಕಣವ್ವ."

"ಇಲ್ಲದ ದಿನ?"

"ಇಲ್ದಿದ್ ದಿನ ಅದೂ ಮನ್ಗಿರ್ತದೆ, ನಾನೂ ಮನ್ಗಿರ್ತೀನಿ."

ಮಲಗಿರುವ ಪಾತ್ರೆಯೂ ದುಡ್ಡು ತಿನ್ನುತ್ತದೆ ಎಂದು ಅವಳು ಅವನಿಗೆ ಪಾಠ ಶುರು ಮಾಡಿದಳು. ಅನ್ನ ಸೀದ ವಾಸನೆ ಬರುವವರೆಗೂ ಇಬ್ಬರಿಗೂ ಎಚ್ಚರವಿರಲಿಲ್ಲ.

ನಮ್ಮ ಫ್ಯಾಕ್ಟರಿ ಎಂದರೆ ದೊಡ್ಡದೇನಲ್ಲ. ಕೊಳ್ಳೇಗಾಲದ ಹೊರಗೆ ರಸ್ತೆ ಪಕ್ಕ ಒಂದು ಶೀಟಿನ ಶೆಡ್ಡು. ಹನೂರು ಕಡೆಯಿಂದ ರಾಗಿ ಬರುತ್ತದೆ. ಕಲ್ಲು ಆರಿಸಿ, ನೀರು ಚಿಮುಕಿಸಿ, ಕಾದ ಡ್ರಮ್ಮಿಗೆ ಹಾಕಿದರೆ ರಾಗಿ ಅರಳಾಗಿ ಸಿಡಿಯುತ್ತದೆ. ಅದನ್ನು ಬೀಸಿದರೆ ಹುರಿಹಿಟ್ಟು. ನನ್ನ ಯಜಮಾನರು ಶುರು ಮಾಡಿದ್ದು, ಅವರು ಹೋದ ಮೇಲೆ ನಾನು ನಡೆಸುತ್ತಿದ್ದೇನೆ. ಹುರಿಯುವವನು ಪುಟ್ಟಮಾದ. ಕಲ್ಲು ಆರಿಸುವ ಹೆಂಗಸರು ಹಿಂದಿನ ಗೋಡೆಗೆ ಒರಗಿ ಕೂರುತ್ತಾರೆ.

ಅಕ್ಕ ನಿವೃತ್ತಿಯಾಗಿ ಅಗರದಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡಾಗ ನಾನೇ ಹೋಗಿ ಕರೆದೆ. "ಬಂದು ಲೆಕ್ಕ ನೋಡ್ಕೊ ಅಕ್ಕ, ನಾ ಅಷ್ಟು ಓದಿಲ್ಲ" ಎಂದೆ. ಬೆಳಿಗ್ಗೆ ಬಸ್ಸಿಗೆ ಕೊಡೆ, ಟಿಫಿನ್ ಬಾಕ್ಸು ಹಿಡಿದುಕೊಂಡು ಬರುವಳು. ಡ್ರಮ್ಮಿನ ಎದುರಿಗೆ ಒಂದು ಮರದ ಸ್ಟೂಲು ಹಾಕಿಸಿಕೊಂಡಳು. ಕಲ್ಲು ಆರಿಸುವವರು ಗುಸುಗುಸು ಮಾತಾಡಿದರೆ, "ಹಿಂದಿನ ಬೆಂಚು, ಏನದು?" ಎನ್ನುವಳು. ವಯಸ್ಸಾದ ಹೆಂಗಸರು ಸ್ಕೂಲಿನ ಮಕ್ಕಳಂತೆ ತಲೆ ತಗ್ಗಿಸುತ್ತಿದ್ದರು.

ಪುಟ್ಟಮಾದ ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಅವ್ವಾ, ಅಕ್ಕೋರು ಬಂದ್ಮೇಲೆ ರಾಗಿ ಬಿಸಿಗೆ ಸಿಡೀತಿಲ್ಲ. ಎದ್ರಿಕೆಗೆ ಸಿಡೀತದೆ."

ಅವಳು ನಮಗೆ ಕಲಿಸಿದ ದೊಡ್ಡ ಪಾಠ ಇರೋದು–ಬರೋದು. ಪುಸ್ತಕದಲ್ಲಿ ಇದಕ್ಕೆ ಭಾರೀ ಹೆಸರುಗಳಿವೆಯಂತೆ, ನಮಗಾಗಿ ಅವಳು ಇಳಿಸಿ ಹೇಳಿದ್ದು. ಈಗ ಕೆಲಸ ಮಾಡುತ್ತಿರುವ ಯಂತ್ರ ಇರೋದು. ಅದರ ಜಾಗಕ್ಕೆ ತರಬಹುದಾದದ್ದು ಬರೋದು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಪಕ್ಷಪಾತವಿಲ್ಲದೆ ನೋಡಬೇಕು. ನಮ್ಮ ಇರೋದು ಸೌದೆ ಉರಿಯ ಹಳೆಯ ಡ್ರಮ್ಮು, ಯಜಮಾನರು ಊರಿನ ವೆಲ್ಡರ್ ಪಕ್ಕದಲ್ಲೇ ನಿಂತು ಮಾಡಿಸಿದ್ದು. ಬರೋದು ಗ್ಯಾಸಿನದು.

"ನಿನ್ನ ಗಂಡ ಇದಕ್ಕೆ ಎಷ್ಟು ಕೊಟ್ಟ ಅಂತ ಹೇಳ್ಬೇಡ," ಎಂದಳು ಅಕ್ಕ. "ಅದು ಮುಗಿದ ಕತೆ. ಇವತ್ತು ಮಾರಿದ್ರೆ ಎಷ್ಟು ಬರ್ತದೆ?"

"ಗುಜರಿ ರೇಟು ಬತ್ತದೆ."

"ಹಂಗಾದ್ರೆ ಅದೇ ಅದರ ಬೆಲೆ. ಇದನ್ನ ಇಟ್ಕೊಳ್ಳೋದು ಅಂದ್ರೆ, ಇವತ್ತು ಆ ದುಡ್ಡು ಕೊಟ್ಟು ಇದನ್ನೇ ಗುಜರಿ ಅಂಗಡಿಯಿಂದ ತಂದಂಗೆ. ತರ್ತೀಯಾ?"

"ಅವ್ರು ನಿಂತು ಮಾಡ್ಸಿದ್ದು ಕಣಕ್ಕ," ಎಂದೆ.

ಅವಳು ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮೆತ್ತಗೆ ಹೇಳಿದಳು: "ಒಂದು ಕೆಲ್ಸ ಮಾಡು. ನೀನು ಇಲ್ಲಿಯೋಳು ಅನ್ನೋದನ್ನ ಮರ್ತು ಹೊರಗಿನೋಳಂಗೆ ನೋಡು. ನಿನಗೆ ಇದರ ಹಿಂದಿನದು ಏನೂ ಗೊತ್ತಿಲ್ಲ. ಹೊರಗೆ ನಿಂತು ನೋಡು, ಇರೋದು ಬೇಕೋ, ಬರೋದು ಬೇಕೋ."

ನಾನು ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿ ರಸ್ತೆಗೆ ಹೋಗಿ ನಿಂತೆ.

ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ನಿಧಾನ ಮಾಡಿದ. "ಯಾಕವ್ವ, ಬಸ್ಸಿಗಾ?"

"ಇಲ್ಲ ಕಣಪ್ಪ, ಹೊರಗಿನೋಳಂಗೆ ನೋಡ್ತಾವ್ನಿ."

ಅವನು ಇನ್ನೊಂದು ಮಾತಾಡದೆ ಗಾಡಿ ಜೋರಾಗಿ ಓಡಿಸಿಕೊಂಡು ಹೋದ. ಆದರೆ ಅಲ್ಲಿಂದ ನೋಡಿದಾಗ ನಿಜವಾಗಿಯೂ ಕಂಡಿತು. ಒಂದು ಕಡೆ ವಾಲಿದ ಡ್ರಮ್ಮು, ಶೆಡ್ಡು ತುಂಬಾ ಹೊಗೆ, ಸೆರಗನ್ನು ಮೂಗಿಗೆ ಒತ್ತಿಕೊಂಡು ಕೆಮ್ಮುತ್ತಾ ಕಲ್ಲು ಆರಿಸುವ ಹೆಂಗಸರು. ಅದೇ ಶೆಡ್ಡಿನಲ್ಲಿ ದಿನವಿಡೀ ಇದ್ದೂ ನಾನು ಆ ಕೆಮ್ಮನ್ನು ಕೇಳಿರಲಿಲ್ಲ.

ಒಳಗೆ ಬಂದು, "ಮಾರ್ಬುಡವ ಅಕ್ಕ," ಎಂದೆ.

"ಹೊರಗೆ ಅಂದ್ರೆ ಮನಸ್ಸಿನೊಳಗೆ ಕಣಮ್ಮಿ," ಎಂದಳು ಅವಳು. "ಇಷ್ಟು ವರ್ಷ ಪಾಠ ಮಾಡ್ದೆ, ಒಬ್ಬ ಹುಡುಗನೂ ಎದ್ದು ರೋಡಿಗೆ ಹೋಗಿರ್ಲಿಲ್ಲ." ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು.

ಗುಜರಿಯವನ ಗಾಡಿ ಬಂದ ದಿನ ನನಗೆ ಮನಸ್ಸು ತಡೆಯಲಿಲ್ಲ. ಡ್ರಮ್ಮಿಗೆ ಕುಂಕುಮ ಇಟ್ಟೆ, ಸೇವಂತಿಗೆ ಹಾರ ಹಾಕಿದೆ, ಕಾಯಿ ಒಡೆದೆ. ಗುಜರಿಯವನೂ ಹೆದರಿ ಕೈ ಮುಗಿದ. ಅಕ್ಕ ಸ್ಟೂಲಿನ ಮೇಲಿಂದಲೇ ಹೇಳಿದಳು: "ತೆಗೆಯೋದಕ್ಕೆ ಹಾರ ಹಾಕ್ಬೇಡ ಅಮ್ಮಿ. ಆಯುಧಪೂಜೆ ಅಂದ್ಕೊಂಡ್ಬಿಡ್ತದೆ. ನಾಳೆ ಕೆಲ್ಸಕ್ಕೆ ಬತ್ತದೆ."

ಹಿಂದಿನ ಬೆಂಚಿನವರೆಲ್ಲ ನಕ್ಕರು. ನಾನೂ ನಕ್ಕೆ.

ಹೊಸ ಡ್ರಮ್ಮು ಬಂದ ಮೇಲೆ ಹೊಗೆ ಹೋಯಿತು, ಹಿಟ್ಟು ಹೆಚ್ಚಿತು. ಹೆಚ್ಚಿದ ಹಿಟ್ಟಿಗೆ ಕೊಳ್ಳುವವರು ಬೇಕಾದರು. ತೊಂದರೆ ಶುರುವಾದದ್ದು ಅಲ್ಲಿಂದ. ಮೈಸೂರಿನಿಂದ ಒಬ್ಬ ದೊಡ್ಡ ವ್ಯಾಪಾರಿ ಬಂದ. ನಾನು ಫಿಲ್ಟರ್ ಕಾಫಿ ಮಾಡಿಸಿ, ಸ್ಟೀಲ್ ಲೋಟದ ಬದಲು ಪಿಂಗಾಣಿ ಕಪ್ಪು ತರಿಸಿದ್ದೆ.

"ದುಡ್ಡು ಯಾವಾಗ ಕೊಡ್ತೀರಿ?" ಎಂದಳು ಅಕ್ಕ, ಅವನು ಕಪ್ಪು ಎತ್ತುವ ಮೊದಲೇ.

"ಮಾಲು ಮಾರಾಟ ಆದ್ಮೇಲೆ, ಮೇಡಂ."

"ಅಲ್ಲೀವರೆಗೆ ನಮ್ಮ ದುಡ್ಡು ನಿಮ್ಮಂಗಡೀಲಿ ಮಲಗಿರ್ತದಲ್ಲ, ಅದಕ್ಕೆ ಬಡ್ಡಿ ಯಾರದು? ಇವತ್ತಿನ ರೂಪಾಯಿನೂ ದೀಪಾವಳಿ ರೂಪಾಯಿನೂ ಒಂದೇ ಅಲ್ಲ ಸಾರ್. ರಾಗಿಯವನು ನನ್ನ ಹತ್ರ ಇವತ್ತಿನ ರೂಪಾಯಿ ಕೇಳ್ತಾನೆ."

ವ್ಯಾಪಾರಿ ನನ್ನ ಕಡೆ ತಿರುಗಿದ. "ಇವರು ಯಾರು?"

"ನಮ್ಮಕ್ಕ."

"ಬ್ಯಾಂಕಿನಿಂದ ವಸೂಲಿಗೆ ಬಂದೋರು ಅಂದ್ಕೊಂಡೆ." ಅರ್ಧ ಕಾಫಿ ಬಿಟ್ಟು ಎದ್ದ. ಅವನು ಗೇಟು ದಾಟುತ್ತಿದ್ದಾಗ ಅಕ್ಕ ಕಪ್ಪಿನೊಳಗೆ ಇಣುಕಿ, "ಇದೂ ಲೆಕ್ಕಕ್ಕೆ ಸೇರಿಸ್ಕೊ" ಎಂದು ಬೆರಳು ಕೊಡವಿದಳು.

ಹೀಗೆ ಒಬ್ಬರಲ್ಲ. ಅವಳು ಹೇಳಿದ್ದು ಪ್ರತಿ ಸಲವೂ ಸರಿ, ಬಂದವರು ಪ್ರತಿ ಸಲವೂ ವಾಪಸ್ಸು. ತಮಿಳುನಾಡಿನ ಕಡೆಯ ವ್ಯಾಪಾರಿಗಳಿಗಂತೂ ಅವಳ ಪಾಠ ಅರ್ಥವೂ ಆಗುತ್ತಿರಲಿಲ್ಲ. ಹೊಸ ಡ್ರಮ್ಮು ಅರ್ಧ ದಿನ ತಣ್ಣಗಿರತೊಡಗಿತು. ಮಲಗಿರುವ ಯಂತ್ರವೂ ತಿನ್ನುತ್ತದೆಂದು ನನಗೆ ಹೇಳಿಕೊಟ್ಟವಳು ಅವಳೇ. ಹೀಗೇ ಆದರೆ ಹಿಂದಿನ ಬೆಂಚಿನವರನ್ನು ಮನೆಗೆ ಕಳಿಸಬೇಕಾಗುತ್ತದೆಂದು ನನಗೆ ನಿದ್ದೆ ಬರದಾಯಿತು.

ಒಂದು ಮಧ್ಯಾಹ್ನ ನಾನು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹೊರಗೆ ಹೋಗಿ ನಿಂತೆ. ಹೊರಗಿನವಳಂತೆ ನೋಡಿದೆ. ಸ್ಟೂಲಿನ ಮೇಲೆ ಒಬ್ಬಳು ಮುದುಕಿ ಕೂತಿದ್ದಳು. ಪಕ್ಕದಲ್ಲಿ ಕೊಡೆ. ಬಂದವರ ಜೊತೆ ಜಗಳ ಆಡುವವಳಂತೆ ಕಾಣುತ್ತಿದ್ದಳು. ಇರೋದು ಬೇಕೋ, ಬರೋದು ಬೇಕೋ ಎಂದು ಅವಳೇ ಹೇಳಿಕೊಟ್ಟಂತೆ ಕೇಳಿಕೊಂಡೆ. ಉತ್ತರ ಬೇಗ ಬಂತು.

ಬರೋದು ಅಜ್ಜೀಪುರದ ಹುಡುಗ. ಎಂ.ಬಿ.ಎ. ಮಾಡಿದ್ದ, ತಮಿಳು ಬರುತ್ತಿತ್ತು, ಯಾರ ಜೊತೆಗೂ ನಗುತ್ತಾ ಮಾತಾಡುತ್ತಿದ್ದ. ಅವನ ಜೊತೆ ಎಲ್ಲ ಮಾತು ಮುಗಿಸಿದೆ. ಅಕ್ಕನ ಜೊತೆ ಆಡಬೇಕಾದ ಮಾತು ಮಾತ್ರ ಉಳಿಯಿತು. ದಿನವೂ ಬೆಳಿಗ್ಗೆ ಹೇಳೋಣವೆಂದುಕೊಳ್ಳುವೆ. ಅವಳು ಟಿಫಿನ್ ಬಾಕ್ಸು ತೆರೆದು, "ತಗೋ, ನಿನಗಿಷ್ಟ ಅಂತ ಹುಚ್ಚೆಳ್ಳು ಚಟ್ನಿ ತಂದೀನಿ" ಎನ್ನುವಳು. ಚಟ್ನಿ ಬಾಯಲ್ಲಿಟ್ಟುಕೊಂಡು ಅಂಥ ಮಾತು ಹೇಳುವುದು ಹೇಗೆ?

ಆಗ ಹೊಳೆದದ್ದು ಸನ್ಮಾನ. ಆಯುಧಪೂಜೆ ಹತ್ತಿರ ಬಂದಿತ್ತು. ಹೂವು, ಹಣ್ಣು, ಜನ, ಫೋಟೊದವನು ಎಲ್ಲ ಹೇಗೂ ಇರುತ್ತದೆ, ಅದೇ ಖರ್ಚಿನಲ್ಲಿ ಇದೂ ಆಗಲಿ ಎಂದುಕೊಂಡೆ. ಅಕ್ಕನಿಂದಲೇ ಕಲಿತ ಉಳಿತಾಯ. ಆ ದಿನ ಡ್ರಮ್ಮಿಗೆ ಹಾರ ಹಾಕಿದೆವು, ಬೀಸುವ ಯಂತ್ರಕ್ಕೆ ಹಾಕಿದೆವು, ತೂಕದ ಯಂತ್ರಕ್ಕೆ, ಹಿಟ್ಟು ಸಾಗಿಸುವ ಆಟೊಗೆ ಹಾಕಿದೆವು. ಆಮೇಲೆ ಸ್ಟೂಲಿನ ಮೇಲೆ ಕೂತಿದ್ದ ಅಕ್ಕನಿಗೂ ಹಾಕಿದೆವು. ಪೇಟ ದೊಡ್ಡದಾಗಿ ಕನ್ನಡಕದ ಮೇಲೆ ಇಳಿಯಿತು.

"ಅಕ್ಕೋರೆ, ದಿವಾನ್ರಂಗೆ ಕಾಣ್ತೀರ," ಎಂದ ಪುಟ್ಟಮಾದ.

"ಏನೂ ಕಾಣಲ್ಲ ಕಣಪ್ಪ, ಕಣ್ಣು ಮುಚ್ಚೋಗದೆ," ಎಂದಳು ಅಕ್ಕ. ಶಾಲಿನ ಅಂಚು ಮುಟ್ಟಿ ನೋಡಿ, "ಇದನ್ನ ಇನ್ನೊಂದ್ಸಲ ಎಲ್ಲಿ ಹೊದೆಯೋದು?" ಎಂದು ಕೇಳಿದಳು. ಆದರೆ ಅವಳ ಮುಖ ಅರಳಿತ್ತು. ಕಾಲೇಜಿನಲ್ಲಿ ಕೂಡ ಅವಳಿಗೆ ಯಾರೂ ಹಾರ ಹಾಕಿರಲಿಲ್ಲವಂತೆ.

ನಾನು ಎರಡು ಮಾತಾಡಲು ಎದ್ದೆ. "ಇನ್ಮೇಲೆ ನಮ್ಮಕ್ಕ ವಿಶ್ರಾಂತಿ ತಕಳ್ಳಲಿ" ಎಂದು ಉರು ಹೊಡೆದಿದ್ದೆ. ಅವಳು ಪೇಟವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಬಾಯಿಂದ ಬಂದದ್ದು, "ನಮ್ಮಕ್ಕ ನಮ್ಗೆ ಆಯುಧ ಇದ್ದಂಗೆ."

ಎಲ್ಲರೂ ಚಪ್ಪಾಳೆ ತಟ್ಟಿದರು.

ಹಬ್ಬ ಕಳೆದ ಮರುದಿನ ಬೆಳಿಗ್ಗೆ ಅಜ್ಜೀಪುರದ ಹುಡುಗ ಬಂದು ಸ್ಟೂಲಿನ ಮೇಲೆ ಕೂತ. ಅಷ್ಟರಲ್ಲಿ ಗೇಟಿನ ಹತ್ತಿರ ಕೊಡೆ ಕಾಣಿಸಿತು. ಹಾರ ಹಾಕಿಸಿಕೊಂಡದ್ದು ಕೆಲಸಕ್ಕೆ ಬಂದಿತ್ತು.

ನಾನು ಏನು ಮಾಡಿದೆ ಎಂದು ಬರೆಯಲು ಈಗಲೂ ನಾಚಿಕೆ. ಗೋಡೌನಿಗೆ ಓಡಿಹೋಗಿ ರಾಗಿ ಮೂಟೆಗಳ ಹಿಂದೆ ಕೂತೆ. ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು. ಸನ್ಮಾನದ ಬುಟ್ಟಿಯ ಹಣ್ಣನ್ನೆಲ್ಲ ಅಕ್ಕ ಹೆಚ್ಚಿ ಟಿಫಿನ್ ಬಾಕ್ಸಿನಲ್ಲಿ ತುಂಬಿಕೊಂಡು, ಎಲ್ಲರಿಗೂ ಹಂಚಲು ತಂದಿದ್ದಳು.

"ಯಾರಪ್ಪ ನೀನು?"

"ಹೊಸ ಮ್ಯಾನೇಜರ್ ಮೇಡಂ. ಹೋದ ತಿಂಗ್ಳೇ ಮಾತಾಡಿದ್ರು."

ಕೊಡೆಯನ್ನು ಗೋಡೆಗೆ ಒರಗಿಸಿದ ಸದ್ದಾಯಿತು. ಆಮೇಲೆ ಅವಳು, "ಸರಿ, ಬಾ" ಎಂದು ಅವನನ್ನು ಕರೆದುಕೊಂಡು ಹೊರಟಳು. ಯಾವ ಬೇರಿಂಗು ಬೇಗ ಕಾಯುತ್ತದೆ, ಯಾವ ರಾಗಿಗೆ ಎಷ್ಟು ನೀರು ಚಿಮುಕಿಸಬೇಕು, ಕರೆಂಟು ಹೋಗಿ ಬಂದರೆ ಮೊದಲು ಯಾವುದನ್ನು ಚಾಲೂ ಮಾಡಬೇಕು, ಒಂದನ್ನೂ ಬಿಡದೆ ಹೇಳಿದಳು. ಹಣ್ಣು ಹಂಚಿದಳು. "ಹಿಂದಿನ ಬೆಂಚು, ಇನ್ಮೇಲೆ ಇವರ ಮಾತು ಕೇಳಿ," ಎಂದಳು. ಕೊನೆಗೆ ಗೋಡೌನಿನ ಬಾಗಿಲ ಹತ್ತಿರ ಅವಳ ಹೆಜ್ಜೆ ನಿಂತಿತು.

"ಅಮ್ಮಿ, ಆ ಮೂಟೆ ಸಂದೀಲಿ ಇಲಿ ಅವೆ. ಕಾಲು ನೋಡ್ಕೊ."

ನಾನು ಮೂಟೆ ಬಿಟ್ಟು ಏಳಲಿಲ್ಲ. ಅವಳು ಬಸ್ಸು ಹತ್ತಿ ಹೋದಳು. ಮತ್ತೆ ಬರಲಿಲ್ಲ.

ಕೇಳಿದವರಿಗೆಲ್ಲ ನಾನು, "ಅಕ್ಕಂಗೆ ವಿಶ್ರಾಂತಿ ಬೇಕಂತೆ" ಎಂದೆ. ಅಗರ ಇರುವ ಯಳಂದೂರಿನ ಕಡೆ ಯಾವ ಕೆಲಸವಿದ್ದರೂ ಬೇರೆಯವರನ್ನು ಕಳಿಸಿದೆ. ಆಟೊದವನ ಕೈಲಿ ಅಗರಕ್ಕೆ ಒಂದು ಪ್ಯಾಕೆಟ್ಟು ಹುರಿಹಿಟ್ಟು ಕಳಿಸಿದರೆ, "ಒಂಚೂರು ಜಾಸ್ತಿ ಹುರಿದವ್ರೆ ಅಂತ ಹೇಳು" ಎಂದು ಅವನ ಬಾಯಲ್ಲೇ ಉತ್ತರ ಬಂತು. ಅಜ್ಜೀಪುರದ ಹುಡುಗ ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನನ್ನು ಬೈದುಕೊಂಡು, ಅಕ್ಕನ ಕಾಲು ಹಿಡಿದು ಕರೆದುಕೊಂಡು ಬರಬಹುದಿತ್ತು. ಅವನು ಒಳ್ಳೆಯ ಕೆಲಸಗಾರ. ಡ್ರಮ್ಮು ದಿನವಿಡೀ ಬಿಸಿಯಾಗಿರುತ್ತದೆ. ಹಿಂದಿನ ಗೋಡೆಗೆ ಇನ್ನಷ್ಟು ಹೆಂಗಸರು ಒರಗಿದ್ದಾರೆ. ಹುಡುಗನಿಗೆ ಸ್ಟೂಲು ಹಿಡಿಸದೆ ಕುರ್ಚಿ ತರಿಸಿಕೊಂಡ, ಸ್ಟೂಲು ಮೂಲೆಗೆ ಹೋಯಿತು.

ಈ ಸಲದ ಆಯುಧಪೂಜೆಯ ದಿನ ಪುಟ್ಟಮಾದ ಎಲ್ಲ ಯಂತ್ರಗಳಿಗೂ ಹಾರ ಹಾಕಿ ಮುಗಿಸಿದ. ಒಂದು ಹಾರ ಉಳಿದಿತ್ತು. ಅದನ್ನು ಹಿಡಿದುಕೊಂಡು ಮೂಲೆ ಕಡೆ ನೋಡಿದ.

"ಅವ್ವಾ, ಅಕ್ಕೋರ್ ಸ್ಟೂಲ್ಗೂ ಆರ ಆಕ್ಲಾ?"

ನಾನು ಮಂಗಳಾರತಿಗೂ ನಿಲ್ಲದೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಅಭ್ಯಾಸಬಲದಿಂದ ಹಣ್ಣಿನ ಅಂಗಡಿ ಮುಂದೆ ನಿಂತವಳು, ಬುಟ್ಟಿ ನೋಡಿ ಬೆಚ್ಚಿ, ಬರಿಗೈಲಿ ಬಸ್ಸು ಹತ್ತಿದೆ.

ಅಗರದಲ್ಲಿ ಅವಳ ಮನೆಯ ಗೇಟು ಬರೀ ಒರಗಿಸಿತ್ತು. ಅವಳು ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೊಡೆಯನ್ನು ಗೋಡೆಗೆ ನಿಲ್ಲಿಸಿ, ಹಿಡಿಗೆ ಕುಂಕುಮ ಇಟ್ಟು ಒಂದು ಸೇವಂತಿಗೆ ಸಿಕ್ಕಿಸಿದ್ದಳು. ನಾನು ಗೇಟಿನ ಮೇಲೆ ಕೈಯಿಟ್ಟು ಅಲ್ಲೇ ನಿಂತೆ.

"ಯಾಕಮ್ಮಿ ಅಲ್ಲೇ ನಿಂತ್ಕೊಂಡೆ? ಹೊರಗಿನೋಳಂಗೆ ನೋಡ್ತಿದ್ದೀಯಾ?" ಎಂದಳು. ದನಿಯಲ್ಲಿ ನಗುವಿತ್ತು. "ಏನ್ ಕಾಣ್ತದೆ ಅಲ್ಲಿಂದ?"

ಗೇಟು ತಳ್ಳಿಕೊಂಡು ಒಳಗೆ ಹೋಗಿ ಅವಳ ಕಾಲ ಬಳಿ ಮೆಟ್ಟಿಲ ಮೇಲೆ ಕೂತೆ.

"ಆ ಹುಡುಗ ಚೆನ್ನಾಗಿ ನಡೆಸ್ತಾನಂತಲ್ಲ," ಎಂದಳು ಅವಳು. "ಬರೋದೇ ಸರಿ ಇತ್ತು. ನಾನೇ ಲೆಕ್ಕ ಹಾಕಿದ್ರೂ ಅದೇ ಉತ್ತರ ಬರ್ತಿತ್ತು. ಬಿಡು ಅತ್ಲಾಗೆ." ಎರಡು ಕೈಯನ್ನೂ ಹತ್ತಿರ ತಂದಳು. ಬೆರಳು ಕೊಡವಿದರೆ ವಿಷಯ ಮುಗಿಯಿತು, ಇನ್ನು ಯಾವತ್ತೂ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೊಡವುವ ಮೊದಲೇ ಆ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಲೆಕ್ಕ ತಪ್ಪಿಲ್ಲ ಕಣಕ್ಕ. ನಿನ್ನ ನಾನು ಹೊರಗಿನೋಳಂಗೆ ನೋಡ್ಬುಟ್ಟೆ. ಬಾಯ್ಬುಟ್ಟು ಏಳ್ದೆ ಆರ ಆಕ್ಬುಟ್ಟೆ. ತಪ್ಪಾಯ್ತು ಅಕ್ಕ."